ಸೀಟಿನ ಮೇಲಿನ ಕಲೆ

ಇವಾನೋ,

ಇವತ್ತು ಮೊಡೆನಾದಲ್ಲಿ ನಿನ್ನ ಕೆಂಪು ರೇಸಿನ ಕಾರು ಹರಾಜಿಗೆ ಬಂದಿತ್ತು. ನೀನು ಅದರಲ್ಲೇ ಸತ್ತ ಮೇಲೆ, ಕಣ್ಣೆದುರು ಬೇಡವೆಂದು ಅಪ್ಪ ಮಾರಿದ್ದ ಕಾರು. ನುಜ್ಜಾಗಿದ್ದ ಮುಂಭಾಗವನ್ನು ಸರಿಮಾಡಿ ಹೊಳೆಯಿಸಿದ್ದಾರೆ. ಸೀಟನ್ನು ಮಾತ್ರ ಮುಟ್ಟಿಲ್ಲ.

“ನೋಡಿ ಸ್ವಾಮಿ, ರಕ್ತದ ಕಲೇನೂ ಒರಿಜಿನಲ್ಲೇ!” ಎಂದ ಹರಾಜು ಕೂಗುವವನು.

ಕೊಳ್ಳಲು ಬಂದವನೊಬ್ಬ ಅದನ್ನು ಬೆರಳಿನಿಂದ ಸವರಿ, “ಇದಕ್ಕೇ ಇನ್ನಷ್ಟು ಕೊಡಬಹುದು” ಎಂದು ನಕ್ಕ. ನಾನು ಕರವಸ್ತ್ರವನ್ನು ಒದ್ದೆ ಮಾಡಿಕೊಂಡು ಹೋಗಿ ಸೀಟನ್ನು ಉಜ್ಜತೊಡಗಿದೆ.

“ಏಯ್, ರೇಟು ಹಾಳು ಮಾಡ್ತಿದೀಯಲ್ಲಾ! ಯಾರು ನೀನು?” ಎಂದು ಹರಾಜು ಕೂಗುವವನು ಗದರಿದ.

“ಸತ್ತವನ ಅಕ್ಕ.”

ಅವನ ದನಿ ಒಮ್ಮೆಲೇ ಮೆತ್ತಗಾಯಿತು. “ಅಯ್ಯೋ, ಮೊದಲೇ ಹೇಳಬಾರದಾ ಅಮ್ಮಾ? ಇದು ಅವನದೇ ರಕ್ತ ಅಂತ ಎಲ್ಲರೆದುರು ಒಂದು ಮಾತು ಹೇಳಿಬಿಡಿ.”

ನಾನು ಉಜ್ಜುತ್ತಲೇ ಇದ್ದೆ. ಕಾವಲಿನವರು ರಟ್ಟೆ ಹಿಡಿದು ಹೊರಗೆ ಹಾಕಿದರು. ಕರವಸ್ತ್ರದಲ್ಲಿ ಅರ್ಧ ಕಲೆಯಷ್ಟೇ ನನ್ನ ಜೊತೆ ಮನೆಗೆ ಬಂತು, ತಮ್ಮಾ. ಉಳಿದರ್ಧವನ್ನು ಅವರು ಮಾರಿಕೊಂಡರು.