ಎಡಗಾಲಿನ ಸಮಾಚಾರ

ತಾರೀಕು ಹನ್ನೊಂದು, ಬುಧವಾರ
ಅಂಗಡಿಯಿಂದ

ಗುಬ್ಬಿ,

ಹೇಗಿದ್ದೀಯೇ? ನಿನ್ನ ಯಜಮಾನ್ರು ಆರೋಗ್ಯವಾಗಿದ್ದಾರಾ? ಎರಡು ವರ್ಷ ಆದ್ಮೇಲೆ ಕಾಗದ ಬರೀತಿದೀನಿ, ಬೈಬೇಡ. ಗಿರಾಕಿಗಳಿಗೂ ನಿನ್ನಣ್ಣ ಹೀಗೇ, ನಾಳೆ ಕೊಡ್ತೀನಿ ಅಂದ್ರೆ ಯಾವ ನಾಳೆ ಅಂತ ಕೇಳ್ಬಾರದು. ಫೋನ್ ಮಾಡಿದ್ರೆ ನೀನು ಎತ್ತಲ್ಲ. ಎತ್ತಿದ್ರೂ ನಾನು ಏನೋ ತಮಾಷೆ ಮಾಡಿ ವಿಷಯ ಕೆಡಿಸ್ತೀನಿ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿನ ಅಕ್ಷರ, ಹೇಗೋ ಓದ್ಕೋ.

ಮೊದಲು ನನ್ನ ಸುದ್ದಿ. ಹೊಲಿಗೆ ಮಿಷನ್ನಿಗೆ ಮೋಟಾರ್ ಹಾಕಿಸ್ದೆ. ಮೂವತ್ತು ವರ್ಷ ತುಳಿದಿದ್ದು ಸಾಕು, ಕಾಲಿಗೂ ರಿಟೈರ್‌ಮೆಂಟ್ ಬೇಡ್ವಾ ಅಂತ. ಶಾಲೆ ಯೂನಿಫಾರಂ ಸೀಸನ್ನು ಬೇರೆ. ಬೆಳಗ್ಗೆ ಕೂತ್ರೆ ದೀಪ ಹಚ್ಚೋವರೆಗೂ ಏಳ್ತಿರಲಿಲ್ಲ. ನೀರು ಕುಡಿದ್ರೆ ಎದ್ದು ಹೋಗ್ಬೇಕಲ್ಲ ಅಂತ ನೀರೂ ಕುಡೀತಿರಲಿಲ್ಲ. ಇಪ್ಪತ್ತು ದಿನ ಆಗೋಷ್ಟರಲ್ಲಿ ಬಲಗಾಲು ಮನುಷ್ಯಂದು, ಎಡಗಾಲು ಆನೇದು! ನಾನೇ ಹೊಲಿದ ಪ್ಯಾಂಟು ನನ್ನ ಕಾಲಿಗೇ ಏರಲಿಲ್ಲ.

ಪಕ್ಕದ ಚಪ್ಪಲಿ ಅಂಗಡಿಯವನು ನೋಡಿ, "ಲೋ, ನಿನಗೆ ಒಂದು ಕಾಲಿಗೆ ಎಂಟು, ಇನ್ನೊಂದಕ್ಕೆ ಹತ್ತನೇ ಸೈಜು ಕೊಡ್ಬೇಕಾಗುತ್ತೆ. ನನ್ನ ವ್ಯಾಪಾರ ಕೆಡಿಸ್ಬೇಡ, ನಡಿ ಆಸ್ಪತ್ರೆಗೆ" ಅಂತ ಎಳ್ಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟು ಓಡಿದ. ಅವನಿಗೂ ಗಿರಾಕಿ ಇರ್ತಾರಲ್ಲ. ಒಳಗೆ ಚೀಟಿ ಬರೆಯೋ ಹುಡುಗಿ, "ಜೊತೆಗೆ ಯಾರಿದ್ದಾರೆ?" ಅಂದ್ಲು. "ಕುತ್ತಿಗೇಲಿ ಅಳತೆ ಟೇಪ್ ಇದೆಯಲ್ಲಮ್ಮ" ಅಂದೆ. ನಗಲಿಲ್ಲ. ಆ ಜಾಗದಲ್ಲಿ ಒಂದು ಗೆರೆ ಎಳೆದ್ಲು.

ಕಾಲಿಗೆ ತಣ್ಣನೆ ಅಂಟು ಬಳಿದು ಸ್ಕ್ಯಾನ್ ಮಾಡಿದ್ರು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. "ನನಗೊಬ್ಬನಿಗೇ ಯಾಕಮ್ಮ ಇದು?" ಅಂದೆ. "ನಿಮಗೊಬ್ಬರಿಗೇ ಅಂತ ಯಾರು ಹೇಳಿದ್ದು? ವರ್ಷಕ್ಕೆ ಸಾವಿರ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತೆ. ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ" ಅಂದ್ರು ಡಾಕ್ಟರಮ್ಮ. ನಮ್ಮ ಬೀದಿಯಿಂದ ನಾನು ಆರಿಸಿ ಬಂದೆ ಅಂದ್ಕೋ. ನಾವು ನಡೆದಾಗ, ತುಳಿದಾಗ ಮೀನಖಂಡ ಹಿಂಡಿ ಹಿಂಡಿ ರಕ್ತಾನ ಮೇಲಕ್ಕೆ ತಳ್ಳುತ್ತಂತೆ. ನಾನು ಆ ಕೆಲಸ ಮೋಟಾರಿಗೆ ಕೊಟ್ಟು ಕೂತಿದ್ದೆ.

ಮೊದಲು ಹೊಟ್ಟೆಗೆ ಸೂಜಿ. ಜೀವಮಾನವೆಲ್ಲ ಬಟ್ಟೆಗೆ ಚುಚ್ಚಿದೋನಿಗೆ ಸೂಜಿ ತಿರುಗಿ ಬಿತ್ತು. ಈಗ ಮಾತ್ರೆ, ಆರು ತಿಂಗಳು, ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ಅದು ಹೆಪ್ಪು ಕರಗಿಸಲ್ಲ, ಇನ್ನಷ್ಟು ಬೆಳೀದ ಹಾಗೆ ತಡೆಯುತ್ತೆ. ಕರಗಿಸ್ಕೊಳ್ಳೋದು ಮೈಗೇ ಬಿಟ್ಟಿದ್ದು. ಬೆರಳಿಗೆ ಸೂಜಿ ತಾಗಿದ್ರೆ ರಕ್ತ ಬೇಗ ನಿಲ್ಲಲ್ಲ, ಅದಕ್ಕೆ ಬೆರಳಿಗೆ ತಗಡಿನ ಟೋಪಿ. ನೋವಿನ ಮಾತ್ರೆ ಕೇಳದೆ ನುಂಗೋ ಹಾಗಿಲ್ಲ. ಗಂಟೆಗೊಂದು ಸಲ ಎದ್ದು ನಡೀಬೇಕು. ಎಲ್ಲಿಗೆ ನಡೀಲಿ? ಅಂಗಡಿ ಬೊಂಬೆ ಹತ್ರ ಹೋಗಿ ಎರಡು ಮಾತಾಡಿ ಬರ್ತೀನಿ. ನಿಮ್ಮತ್ತಿಗೆ ಹೋದ್ಮೇಲೆ ಅದೇ ನನ್ನ ಜೊತೆ. ಜೋಕು ಹೇಳಿದ್ರೆ ನಗಲ್ಲ, ತಲೆ ಇಲ್ಲ ಪಾಪ.

ಈಗ ಕೇಳು ಗುಬ್ಬಿ. ಡಾಕ್ಟರಮ್ಮ, "ಮನೇಲಿ ಇನ್ಯಾರಿಗಾದ್ರೂ ಹೀಗಾಗಿತ್ತಾ?" ಅಂದ್ರು. ಇಲ್ಲ ಅನ್ನೋಕೆ ಬಾಯಿ ತೆಗೆದೆ. ಅಮ್ಮನ ಕಾಲು ಕಣ್ಣಿಗೆ ಬಂತು. ನಿನ್ನ ಹೆತ್ತು ಒಂಬತ್ತು ದಿನ ಹಾಸಿಗೆ ಬಿಟ್ಟು ಏಳಬಾರದು ಅಂತ ಅಜ್ಜಿ ಕಟ್ಟಪ್ಪಣೆ. ಎಡಗಾಲು ಊದಿ ಬಿಸಿಯಾಗಿತ್ತು. ಹತ್ತನೇ ದಿನ ಅಮ್ಮ ಎದ್ದು ನಿಂತ್ಲು, "ಉಸಿರು ಸಿಗ್ತಿಲ್ಲ" ಅಂದ್ಲು, ಬಿದ್ಲು. ನನಗೆ ಎಂಟು ವರ್ಷ, ಅಲ್ಲೇ ಇದ್ದೆ.

ಹೇಳಿದೆ. ಅವರ ಪೆನ್ನು ನಿಂತು ಹೋಯ್ತು. "ಆವತ್ತು ನಾನು ನೋಡಿಲ್ಲ, ಖಂಡಿತ ಅನ್ನೋಕಾಗಲ್ಲ. ಆದ್ರೆ ಕೇಳಿದ್ರೆ ಇದೇ ಅನ್ಸುತ್ತೆ. ಕಾಲಿನ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿರುತ್ತೆ. ಬಸುರಿ, ಬಾಣಂತಿಯರಿಗೆ ಇದರ ಭಯ ಹೆಚ್ಚು" ಅಂದ್ರು. "ಮಗೂ ಕಾಲ್ಗುಣ ಅಂತಾರಲ್ಲಮ್ಮ ನಮ್ಮ ಮನೇಲಿ" ಅಂದೆ. "ಹಸುಗೂಸಿನ ಕಾಲು ಏನ್ರೀ ಮಾಡುತ್ತೆ?" ಅಂದ್ರು.

ನಿನ್ನ ಮಗಳು ಈಗ ಏಳು ತಿಂಗಳ ಬಸುರಿ ಅಂತ ಚಿಕ್ಕಪ್ಪ ಹೇಳಿದ್ರು. ನನ್ನ ಮೇಲಿನ ಸಿಟ್ಟು ಆಮೇಲೆ ನೋಡ್ಕೋ, ಮೊದಲು ಅವಳ ಡಾಕ್ಟರಿಗೆ ನಮ್ಮಮ್ಮನ ಸುದ್ದಿ, ನನ್ನ ಸುದ್ದಿ ಎರಡೂ ಹೇಳ್ಸು. ಬೇಕಾದ್ರೆ ಅವರೇ ಮದ್ದು ಕೊಡ್ತಾರೆ. ಹೆತ್ತ ಮೇಲೆ ಡಾಕ್ಟರು ಹೂಂ ಅಂದ ತಕ್ಷಣ ಎಬ್ಬಿಸಿ ನಡೆಸು. ಒಂದು ಕಾಲು ಊದಿದ್ರೆ, ಎದೆ ನೋವು, ಉಸಿರಿಗೆ ಕಷ್ಟ ಅಂದ್ರೆ ನಾಳೆ ಅನ್ನಬೇಡ. ನಾಳೆ ಅನ್ನೋದು ಟೈಲರಿಗೆ ಬಿಡು.

ಎರಡು ವರ್ಷದ ಹಿಂದೆ ನಿನ್ನ ಮಗಳ ಮದುವೆ ಊಟದಲ್ಲಿ ಆಡಿದ ಮಾತಿಗೆ ಬರ್ತೀನಿ. ಬೀಗರ ಮುಂದೆ, "ನಮ್ಮ ಗುಬ್ಬಿ ಬಡಿಸುವಾಗ ಹುಷಾರು, ಹುಟ್ತಾನೇ ತಾಯೀನ ನುಂಗಿದೋಳು, ನಮಗೇನು ಉಳಿಸ್ತಾಳೆ" ಅಂದೆ. ಸಾಲು ಪೂರ್ತಿ ನಕ್ತು. ನೀನೂ ನಕ್ಕೆ, ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿ ಒಳಗೆ ಹೋದೆ. ನಲವತ್ತು ವರ್ಷ ಮನೆಯವರು ಬೆನ್ನ ಹಿಂದೆ ಅಂದಿದ್ದನ್ನ ನಾನು ಮುಖದ ಮುಂದೆ ಅಂದೆ. ನೀನು ಯಾರನ್ನೂ ನುಂಗ್ಲಿಲ್ಲ ಕಣೇ. ತಪ್ಪಾಯ್ತು.

ನಿನ್ನ ಮಗಳು ಸುಖವಾಗಿ ಹೆರಲಿ. ನಿನ್ನ ಮಡಿಲಲ್ಲಿ ಮೊಮ್ಮಗು ಕಾಲು ಜಾಡಿಸ್ಲಿ. ನೂರು ವರ್ಷ ಬಾಳು.

ಇಂತಿ,
ಆನೆಕಾಲಿನ ಅಣ್ಣ

ಮರೆತಿದ್ದೆ: ನನ್ನ ಕಾಲಿಗೆ ಬಿಗಿ ಕಾಲುಚೀಲ ಹಾಕಿದ ನರ್ಸಮ್ಮ, "ಯಾರ ಕೈಲೂ ಒತ್ತಿಸ್ಕೋಬೇಡಿ, ಎಣ್ಣೆ ಹಚ್ಚಿ ತಿಕ್ಕಿಸ್ಬೇಡಿ, ಹೆಪ್ಪು ಕಿತ್ಕೊಂಡು ಮೇಲಕ್ಕೆ ಹೋಗ್ಬಹುದು" ಅಂದ್ರು. ಗುಬ್ಬಿ, ಆ ಹತ್ತನೇ ದಿನ ಬೆಳಗ್ಗೆ ಅಮ್ಮನ ಕಾಲು ಒತ್ತಿದ್ದು ನಾನು. "ಸಾಕು ಕಣೋ" ಅಂದ್ಲು, ನಾನು ಬಿಡಲಿಲ್ಲ. ಅವಳು ನಗ್ಲಿ ಅಂತ ಮೀನಖಂಡದ ಮೇಲೆ ತಬಲಾ ಬಾರಿಸ್ದೆ. ನಕ್ಕಳು. ಡಾಕ್ಟರಮ್ಮನ್ನ ಇದೊಂದು ಇನ್ನೂ ಕೇಳಿಲ್ಲ. ಇಪ್ಪತ್ತನೇ ತಾರೀಕು ಮತ್ತೆ ಹೋಗ್ಬೇಕು. ಜೊತೆಗೆ ಯಾರಿದ್ದಾರೆ ಅನ್ನೋ ಜಾಗದಲ್ಲಿ ಆ ಗೆರೆ ಇನ್ನೂ ಹಾಗೇ ಇದೆ.