ಯಾವಾಗ ಬೇಕಾದರೂ ತೆಗೆಯಬಹುದಾದ ಹಣ

ಫೆಬ್ರವರಿ ೧೧, ಭಾನುವಾರ ಮಧ್ಯಾಹ್ನ

ಅಕ್ಕಾ,

ಈ ಕಾಗದ ಮನೆಗೆ ಬಾರದೆ ನೀನು ಕೆಲಸ ಮಾಡುವ ಔಷಧಿ ಅಂಗಡಿಗೆ ಯಾಕೆ ಬಂತು ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಎಂದಿನಷ್ಟೇ ಸುಸ್ತು. ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು, ಆವಿಯಲ್ಲಿ ಶುದ್ಧ ಮಾಡಿ, ಬಟ್ಟೆಯಲ್ಲಿ ಸುತ್ತಿಡುವುದು. ಈ ಪರದೇಶದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಈಗೀಗ ಬೆಳಿಗ್ಗೆ ಬೆರಳುಗಳು ಮಡಚುವುದಿಲ್ಲ. ಸ್ವಲ್ಪ ಹೊತ್ತು ಬಿಸಿನೀರಲ್ಲಿಟ್ಟರೆ ಮಾತು ಕೇಳುತ್ತವೆ.

ಭಾವ ಈ ತಿಂಗಳು ನಾಲ್ಕು ಸಲ ಫೋನ್ ಮಾಡಿದರು. ಮನೆ ಮಾರಿದ ದುಡ್ಡನ್ನು ನಾನು ಬ್ಯಾಂಕಿನಲ್ಲಿ ಕೊಳೆಯಲು ಬಿಟ್ಟಿದ್ದೇನಂತೆ. ಅವರ ಸ್ನೇಹಿತರೊಬ್ಬರು ಹೊಸ ಬಡಾವಣೆ ಮಾಡುತ್ತಿದ್ದಾರಂತೆ, ಅದರಲ್ಲಿ ಹಾಕಿದರೆ ಐದು ವರ್ಷಕ್ಕೆ ಎರಡರಷ್ಟಂತೆ. ನಾನು ಹೂಂ ಅನ್ನಲಿಲ್ಲ. ಮುಖ ಊದಿಸಿಕೊಂಡು ಫೋನ್ ಇಟ್ಟರು. ಆ ಸಿಟ್ಟು ನಿನ್ನ ಮೇಲೆ ತಿರುಗಿರುತ್ತದೆ ಎಂದು ಗೊತ್ತು. ಅದಕ್ಕೇ ನಿನಗಾದರೂ ನಿಜ ಬರೆದುಬಿಡೋಣ ಎಂದು ಕೂತಿದ್ದೇನೆ.

ಬಾಡಿಗೆಯವರು ಬಿಟ್ಟ ಮೇಲೆ ನನ್ನ ಮನೆ ಎಂಟು ತಿಂಗಳು ಖಾಲಿ ಬಿದ್ದಿತ್ತು. ಗುಡಿಸಿ, ಕರೆಂಟು ಬಿಲ್ಲು ಕಟ್ಟಿ ನೋಡಿಕೊಳ್ಳುತ್ತಿದ್ದವಳು ನೀನು. ಭಾವ, "ನಿನ್ನ ಅಕ್ಕನಿಗೆ ಓಡಾಡಿ ಸಾಕಾಗಿದೆ, ಮಾರಿಬಿಡು" ಎಂದರು. ನಾನು ನಂಬಿದೆ. ನಿನ್ನನ್ನೇ ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಬಂದೆ, ಸೋಮವಾರ ಸಹಿ ಮಾಡಿದೆ.

ಮಂಗಳವಾರ ನಾವಿಬ್ಬರೂ ಅಡುಗೆಮನೆ ಖಾಲಿ ಮಾಡುತ್ತಿದ್ದೆವಲ್ಲ, ಆಗ ಅಟ್ಟದ ಮೇಲೆ ಒಂದು ಚೀಲ ಸಿಕ್ಕಿತು. ಎರಡು ಜೊತೆ ಬಟ್ಟೆ, ಯಾರದೋ ಅಂಕಪಟ್ಟಿಗಳು, ಇನ್ನೂ ಪ್ಯಾಕೆಟ್ಟು ಒಡೆಯದ ಒಂದು ಹಲ್ಲುಜ್ಜುವ ಬ್ರಷ್ಷು. ಹೆಸರು ನೋಡದೆ, ಬಾಡಿಗೆಯವರು ಮರೆತು ಹೋಗಿರಬೇಕು ಎಂದುಕೊಂಡು, ಇದು ಯಾರದು ಎಂದು ಕೇಳಿದೆ. ನೀನು ಸ್ಟೀಲಿನ ಡಬ್ಬವೊಂದನ್ನು ಒರೆಸುತ್ತಿದ್ದೆ.

"ನಂದೇ ಕಣೆ," ಅಂದೆ. "ಇನ್ನು ಆಗಲ್ಲ ಅನ್ನಿಸಿದ ದಿನ ಇಲ್ಲಿಗೆ ಬಂದ್ಬಿಡೋಣ ಅಂತ ಇಟ್ಟಿದ್ದೆ. ಹೋಗ್ಲಿ ಬಿಡು. ಸಹಿ ಆಯ್ತಲ್ಲ."

ಅಷ್ಟೇ ಹೇಳಿ ನೀನು ಇನ್ನೊಂದು ಡಬ್ಬ ಎತ್ತಿಕೊಂಡೆ. ತಿಂಗಳ ಸಂಬಳವನ್ನೆಲ್ಲ ಭಾವನ ಕೈಗಿಟ್ಟು, ಬಸ್ಸಿನ ಚಿಲ್ಲರೆಗೂ ನೀನು ಅವರ ಮುಂದೆ ನಿಲ್ಲುತ್ತೀಯ ಎಂಬುದು ಅವತ್ತು ಸಂಜೆ ಬಾಯಿ ಬಿಡಿಸಿದ ಮೇಲೆ ತಿಳಿಯಿತು. ಇಷ್ಟು ವರ್ಷ ಹೇಳಲಿಲ್ಲವಲ್ಲ ಎಂದು ಮೊದಲು ನಿನ್ನ ಮೇಲೇ ಕೋಪ ಬಂತು. ಆಮೇಲೆ ನಮ್ಮ ಫೋನಿನ ಮಾತುಗಳು ನೆನಪಾದವು. ಚೆನ್ನಾಗಿದ್ದೀಯಾ ಎಂದು ಕೇಳಿ, ನೀನು ಉತ್ತರ ಕೊಡುವ ಮೊದಲೇ ನನ್ನ ಬೆರಳು ನೋವಿನ ಪುರಾಣ ಶುರು ಮಾಡುತ್ತಿದ್ದವಳು ನಾನು.

ಬುಧವಾರ ಬ್ಯಾಂಕಿಗೆ ಹೋದೆ. ಮ್ಯಾನೇಜರಿಗೆ ಜೋರು ನೆಗಡಿ. ನಾನು ಹೊರದೇಶದಲ್ಲಿ ವಾಸವಿರುವುದರಿಂದ ಹಣ ಅನಿವಾಸಿ ಖಾತೆಗೇ ಬರಬೇಕು, ಅದನ್ನು ಆಚೆ ಕಳಿಸಬೇಕಾದರೆ ಕಾಗದಪತ್ರ ಬಹಳ, ಸುಮ್ಮನೆ ಐದು ವರ್ಷದ ಠೇವಣಿ ಇಟ್ಟುಬಿಡಿ ಎಂದು ವಿವರಿಸಿದರು. ನಾನು ಒಂದೇ ಕೇಳಿದೆ: "ಬೆಳಿಗ್ಗೆ ಬೇಕು ಅಂದ್ರೆ ಮಧ್ಯಾಹ್ನದೊಳಗೆ ಕೈಗೆ ಸಿಗುತ್ತಾ?"

ಅವರು ಮೂಗು ಒರೆಸಿಕೊಂಡು, "ಉಳಿತಾಯ ಖಾತೇಲಿದ್ರೆ ಸಿಗುತ್ತೆ ಮೇಡಂ, ಆದ್ರೆ ಬಡ್ಡಿ ಅಂತ ಏನೂ ಹುಟ್ಟಲ್ಲ," ಅಂದರು.

ಹುಟ್ಟದಿದ್ದರೆ ಬೇಡ ಅಂದೆ. ಮೂರರಲ್ಲೊಂದು ಪಾಲು ಉಳಿತಾಯ ಖಾತೆಯಲ್ಲಿದೆ. ಮಿಕ್ಕಿದ್ದನ್ನು ಸಣ್ಣಸಣ್ಣ ಠೇವಣಿಗಳಾಗಿ ಒಡೆದಿದ್ದೇನೆ. ಒಂದನ್ನು ಅವಧಿಗೆ ಮೊದಲೇ ಮುರಿದರೆ ಅದರ ಬಡ್ಡಿ ಸ್ವಲ್ಪ ಹೋಗುತ್ತದೆ, ಉಳಿದವಕ್ಕೆ ಏನೂ ಆಗುವುದಿಲ್ಲ. ಬೆಳೆಯದ ಹಣ ಎಂದು ಭಾವ ಬೈಯುವುದು ಸುಳ್ಳಲ್ಲ. ಆದರೆ ನೀನು ಹೊರಡುವ ದಿನ ಅದು ಯಾರದೋ ಬಡಾವಣೆಯ ಮಣ್ಣಿನಲ್ಲಿ ಹೂತಿರಬಾರದು.

ಇದರ ಜೊತೆ ಪಾಸ್‌ಪುಸ್ತಕ, ಒಂದು ಫಾರ್ಮ್ ಇವೆ. ಫಾರ್ಮ್ ಎಂದರೆ, ನನ್ನ ಪರವಾಗಿ ನೀನು ಹಣ ತೆಗೆಯಬಹುದು ಎಂಬ ಅಧಿಕಾರಪತ್ರ. ನನ್ನ ಸಹಿ ಆಗಿದೆ. ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ನೀನೂ ಸಹಿ ಹಾಕು. ಪಾಸ್‌ಪುಸ್ತಕ ನಿನ್ನ ಅಂಗಡಿಯ ಯಜಮಾನಿ ಅಮ್ಮನ ಬೀರುವಿನಲ್ಲಿರಲಿ, ಅವರೊಡನೆ ಮಾತಾಡಿದ್ದೇನೆ. ಯಾಕೆ, ಏನು ಎಂದು ಒಂದನ್ನೂ ಕೇಳದೆ ಒಪ್ಪಿಕೊಂಡರು.

ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ. ಇಪ್ಪತ್ತಾರು ವರ್ಷದ ಸಂಸಾರ ನಿನ್ನದು. ಇಲ್ಲಿ ಕೂತು ಧೈರ್ಯ ಹೇಳುವುದು ಸುಲಭ. ಮಾರಿದ ಆ ಮನೆಯನ್ನೂ ವಾಪಸ್ ತಂದುಕೊಡಲಾರೆ. ಈಗ ಅಲ್ಲಿ ಬೇರೆಯವರ ಬಟ್ಟೆ ಒಣಗುತ್ತಿರುತ್ತದೆ. ಹೋಗಲು ಜಾಗವಿಲ್ಲ ಎಂಬ ಕಾರಣಕ್ಕೆ ಮಾತ್ರ ನೀನು ಭಾವನ ಮನೆಯಲ್ಲಿ ಉಳಿಯಬೇಡ ಅಕ್ಕಾ. ಇಷ್ಟನ್ನು ಹೇಳಲು ಇಷ್ಟುದ್ದ ಬರೆದೆ.

ಕೈ ನೋಯುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ
ಮೊಂಡಿ

ತಾ.ಕ.: ಮುಂದಿನ ಎರಡು ವರ್ಷದ ಕರಾರಿಗೆ ಸಹಿ ಹಾಕಲು ಮೊನ್ನೆ ಗುರುವಾರ ಆಸ್ಪತ್ರೆಯ ಕಚೇರಿಗೆ ಕರೆದಿದ್ದರು. ಹಾಕದೆ ವಾಪಸ್ ಕೊಟ್ಟು ಬಂದೆ. ಏಪ್ರಿಲ್ ಕೊನೆಗೆ ಊರಿಗೇ ಹೊರಟು ಬರುತ್ತೇನೆ. ಬ್ಯಾಂಕಿನವರು ಪಾಪ, ನನ್ನ ಅನಿವಾಸಿ ಖಾತೆಯನ್ನು ಮತ್ತೆ ಊರಿನವರ ಖಾತೆಯಾಗಿ ಬದಲಾಯಿಸಬೇಕು. ಭಾವನಿಗೆ ಹೇಳಿಲ್ಲ. ನಿನ್ನ ಅಂಗಡಿಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಕಣ್ಣಿಗೆ ಬಿದ್ದರೆ ಆ ಖಾತೆಯಿಂದಲೇ ಮುಂಗಡ ಕೊಟ್ಟುಬಿಡು. ನೀನು ಬರುವುದು ನಿನಗೆ ಬಿಟ್ಟಿದ್ದು. ನಾನಂತೂ ಅಲ್ಲಿರುತ್ತೇನೆ.