ಮೇಷ್ಟ್ರ ಪಿಟೀಲಿಗೆ ವಾರ್ನಿಷ್

ಒಬರ್‌ಮೂಸ್, ಸ್ಟೈರಿಯ
5 ಡಿಸೆಂಬರ್ 1926, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳು ಗೀಸೆಲಾಗೆ ಅಮ್ಮನ ಪ್ರೀತಿಯ ಮುತ್ತುಗಳು.

ನಿನ್ನ ಕೆಮ್ಮು ಹೇಗಿದೆ? ಕಳೆದ ಪತ್ರದಲ್ಲಿ ನೀನು ಅದರ ಮಾತೇ ಎತ್ತಿಲ್ಲ, ಅಂದರೆ ಇನ್ನೂ ಇದೆ ಎಂದೇ ಅರ್ಥ. ಎದೆಗೆ ಹಂದಿಕೊಬ್ಬು ತಿಕ್ಕಿಕೊಂಡು ಮೇಲೆ ಉಣ್ಣೆ ಬಟ್ಟೆ ಸುತ್ತಿಕೋ. ವಾಸನೆ ಎಂದು ಮೂಗು ಮುರಿಯಬೇಡ. ವಿಯೆನ್ನಾದಲ್ಲಿ ನಿನ್ನನ್ನು ಮೂಸಿ ನೋಡುವವರು ಯಾರೂ ಇಲ್ಲ, ಇದ್ದರೆ ಅದನ್ನೂ ಅಮ್ಮನಿಗೆ ಬರೆದು ತಿಳಿಸು. ಮನೆಯೊಡತಿ ನಿನ್ನ ಕೋಣೆಯ ಒಲೆಗೆ ಕಲ್ಲಿದ್ದಲು ಸರಿಯಾಗಿ ಹಾಕುತ್ತಾಳೆಯೇ? ಬೆರಳು ಮರಗಟ್ಟಿದರೆ ಪಿಟೀಲು ಅಭ್ಯಾಸ ಮಾಡುವುದು ಹೇಗೆ? ಇಲ್ಲಿ ನಾವು ಕ್ಷೇಮ. ಅಂಗಳದಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆ. ಇವತ್ತು ಸಂಜೆ ಸಂತ ನಿಕೋಲಾಸ್ ಉಡುಗೊರೆ ತರುತ್ತಾನೆ, ಹಿಂದೆಯೇ ಕೊಂಬಿನ ದೆವ್ವ ಕ್ರಾಂಪುಸ್ ಬೆತ್ತ ಹಿಡಿದು ಬರುತ್ತಾನೆ ಎಂದು ಊರಿನ ಮಕ್ಕಳೆಲ್ಲ ಬೆಳಗಿನಿಂದ ವಿಪರೀತ ಸಭ್ಯರಾಗಿದ್ದಾರೆ.

ಅಪ್ಪ ಬರೆದ ಪತ್ರ ನಿನಗೆ ತಲುಪಿರಬೇಕು. ಸಂಗೀತಗಾರರನ್ನು ಕಾಯುವ ಸಂತ ಸಿಸಿಲಿಯಾಳ ಹಬ್ಬ ಚೆನ್ನಾಗಿ ನಡೆಯಿತು, ತಾನು ಮೇಷ್ಟ್ರಾಗಿ ನಲವತ್ತು ವರ್ಷವಾಯಿತೆಂದು ಊರಿನವರು ಸೇರಿ ಪಿಟೀಲನ್ನು ಹೊಸದರಂತೆ ಹೊಳೆಯುವ ಹಾಗೆ ಮಾಡಿಕೊಟ್ಟರು ಎಂದು ಬರೆದು, ನನಗೂ ಓದಿ ಹೇಳಿದರು. ಅದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ನಿಜ ಅರ್ಧವೇ ಇದೆ. ಉಳಿದರ್ಧವನ್ನು ನಿನಗೆ ಬರೆಯಕೂಡದು ಎಂದು ನನಗೆ ಹೇಳಿದ್ದಾರೆ. ಮೂವತ್ತು ವರ್ಷ ಅವರ ಮಾತು ಕೇಳಿದ್ದೇನೆ, ಒಂದನ್ನು ಮೀರಿದರೆ ಆಕಾಶ ಕಳಚಿ ಬೀಳುವುದಿಲ್ಲ. (ಎಲ್ಲವನ್ನೂ ಕೇಳಿದ್ದೇನೆ ಎಂಬುದೂ ಅಷ್ಟೇನೂ ನಿಜವಲ್ಲ, ಇರಲಿ.) ವಿಷಯ ಇಷ್ಟು: ಕ್ರಿಸ್‌ಮಸ್‌ಗೆ ನೀನು ಬಂದಾಗ ನಿನ್ನ ಕೈಗೆ ಕೊಡಬೇಕೆಂದಿದ್ದ, ಫೆಬ್ರವರಿಯಲ್ಲಿ ನಿನ್ನ ಸಂಗೀತ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ನೀನು ಎರವಲು ಪಿಟೀಲು ಬಿಟ್ಟು ನುಡಿಸಬೇಕೆಂದಿದ್ದ ಆ ಪಿಟೀಲಿನ ದನಿ ಹೋಗಿದೆ, ಮಗಳೇ. ಕೆಡಿಸಿದವರಲ್ಲಿ ನಾನೂ ಒಬ್ಬಳು.

ನಿನ್ನ ಅಪ್ಪ ಈ ಊರಿಗೆ ಬಂದದ್ದೇ ಆರು ತಿಂಗಳ ಮಟ್ಟಿಗೆ. ಆಗ ಇಪ್ಪತ್ತೆರಡು ವರ್ಷ, ಕಡ್ಡಿಯಂತಹ ಮೈ, ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಸೋದರಮಾವ ಬಿಟ್ಟುಹೋದ ಈ ಪಿಟೀಲು. ಮೇಷ್ಟ್ರಾಗಬೇಕೆನ್ನುವವರೆಲ್ಲ ಪಿಟೀಲು ಕಲಿಯಲೇಬೇಕೆಂಬ ಕಟ್ಟಳೆ ಇದ್ದುದರಿಂದ ಪ್ರತಿ ಊರಲ್ಲೂ ಪಿಟೀಲು ಕೊಯ್ಯುವ ಮೇಷ್ಟ್ರೊಬ್ಬರು ಇದ್ದೇ ಇರುತ್ತಾರೆ. ಪಕ್ಕದ ಊರಿನ ಮೇಷ್ಟ್ರು ಹಾಡಿನ ಪಾಠ ಶುರು ಮಾಡಿದರೆ ಹಸುಗಳು ಹಾಲು ಬಿಡುತ್ತಿರಲಿಲ್ಲವಂತೆ. ನಮ್ಮವರು ಹಾಗಲ್ಲ ಎಂದು ಮೊದಲ ಭಾನುವಾರ ಚರ್ಚಿನಲ್ಲೇ ಜನಕ್ಕೆ ಗೊತ್ತಾಯಿತು. ನಾನು ಮದುವೆಯಾಗಿ ಬಂದದ್ದು ಅದಾಗಿ ಹತ್ತು ವರ್ಷಕ್ಕೆ, ಆದರೆ ಆ ಭಾನುವಾರದ ಕಥೆಯನ್ನು ಎಷ್ಟು ಜನ ಎಷ್ಟು ಸಲ ಹೇಳಿದ್ದಾರೆಂದರೆ ನಾನೂ ಅಲ್ಲೇ ಕೂತಿದ್ದೆ ಅನಿಸುತ್ತದೆ. ಗ್ರಾಟ್ಸ್‌ನ ನಾಟಕಶಾಲೆಯ ವಾದ್ಯವೃಂದದಿಂದ ಎರಡು ಸಲ ಕರೆ ಬಂತು. ಮೊದಲ ಸಲ, "ಈ ಮಕ್ಕಳು ಏಳರ ಮಗ್ಗಿ ಮುಗಿಸಲಿ, ಆಮೇಲೆ ಬರ್ತೀನಿ" ಎಂದು ಬರೆದರು. ಎರಡನೆಯ ಸಲ ನೀನು ನನ್ನ ಹೊಟ್ಟೆಯಲ್ಲಿದ್ದೆ. "ಹೋಗಿ, ನಾನು ಹೆರಿಗೆ ಮುಗಿಸಿ ಬರ್ತೀನಿ" ಎಂದೆ. ಟ್ರಂಕು ತುಂಬಿದರು, ಮರುದಿನ ಬೆಳಿಗ್ಗೆ ಖಾಲಿ ಮಾಡಿ ಅದರಲ್ಲಿ ಆಲೂಗಡ್ಡೆ ಹಾಕಿದರು. ಪಶ್ಚಾತ್ತಾಪವಿದೆಯೋ ಏನೋ ಎಂದು ಎಷ್ಟೋ ವರ್ಷ ಅವರ ಮುಖವನ್ನು ಕದ್ದು ನೋಡಿದ್ದೇನೆ. ನೀನು ವಿಯೆನ್ನಾದ ರೈಲು ಹತ್ತಿದ ದಿನ ಮಾತ್ರ ಆ ಮುಖ ಪೂರ್ತಿ ಹಗುರವಾದದ್ದನ್ನು ಕಂಡೆ.

ಅವರು ಬೆತ್ತ ಹಿಡಿದವರಲ್ಲ, ಪಿಟೀಲಿನ ಕಮಾನು ಹಿಡಿದು ಹಾಡಿನಲ್ಲೇ ಮಗ್ಗಿ ಕಲಿಸಿದವರು. ಹತ್ತು ದಾಟಿದ ಯಾರನ್ನಾದರೂ ಏಳೆಂಟಲ ಎಷ್ಟು ಎಂದು ಕೇಳು, ಉತ್ತರಕ್ಕೆ ಮೊದಲು ಕಾಲು ಕುಣಿಯುತ್ತದೆ. ಮಾಂಸದಂಗಡಿಯವನು ತೂಕ ಮಾಡುವಾಗ ಗುನುಗುವುದನ್ನು ನೀನೇ ಅಣಕಿಸುತ್ತಿದ್ದೆ. ಈ ಮಗ್ಗಿಯೂ ಹತ್ತದೆ ಕೂತಿದ್ದ ಒಬ್ಬನೇ ಶಿಷ್ಯ ಎಂದರೆ ನಮ್ಮ ಬಡಗಿ ಆಂಬ್ರೋಸ್. ಅಪ್ಪ ಇಲ್ಲಿಗೆ ಬಂದ ಮೊದಲ ವರ್ಷದ ತರಗತಿಯವನು. ಎಂಟು ವರ್ಷದ ಅವನನ್ನು ಅಪ್ಪ ಒಲೆಯ ಪಕ್ಕ ಕೂರಿಸಿ, ಮುರಿದ ಬೆಂಚು ಕೊಟ್ಟು, "ಇದನ್ನ ಸರಿ ಮಾಡು, ಇವತ್ತಿನ ಲೆಕ್ಕ ಇದೇ" ಎಂದರಂತೆ. ಅಂದಿನಿಂದ ಇಂದಿನವರೆಗೆ ಆಂಬ್ರೋಸನಿಗೆ ಮೇಷ್ಟ್ರೆಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಕಳೆದ ಚಳಿಗಾಲ ಅವನ ಹೆಂಡತಿ ತೀರಿಕೊಂಡ ಮೇಲೆ ಅವನು ಉಳಿ ಮುಟ್ಟಿರಲಿಲ್ಲ. ಅವಳ ಶವಪೆಟ್ಟಿಗೆಯೇ ಅವನ ಕೊನೆಯ ಕೆಲಸವಾಗಿತ್ತು.

ಇಂಥವನು ಅಕ್ಟೋಬರ್ ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ಜೀವ ಬಂದಿತ್ತು. "ಮೇಷ್ಟ್ರಮ್ಮಾ, ಗಡಿಯಾರ ಕೊಡೋಣ ಅಂತಾರೆ, ಬೆಳ್ಳಿ ಲೋಟ ಅಂತಾರೆ. ಅದೆಲ್ಲ ಯಾಕೆ? ಅವರ ಪಿಟೀಲು ನೋಡಿದೀರಾ? ಗದ್ದ ಇಡೋ ಕಡೆ ಬಣ್ಣವೇ ಇಲ್ಲ, ಮೈಯೆಲ್ಲ ಗೀರು. ನನ್ನ ಕೈಗೆ ಕೊಡಿ, ಮದುಮಗಳ ಹಾಗೆ ಮಾಡಿಕೊಡ್ತೀನಿ." ನೋಡಿದ್ದೇನೆಯೇ ಎಂದು ನನ್ನನ್ನು ಕೇಳುತ್ತಾನೆ! ಮೂವತ್ತು ವರ್ಷ ಆ ಕಪ್ಪು ಕಲೆಗಳನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಲು ಹೋಗಿ ಬೈಸಿಕೊಂಡವಳು ನಾನು. ಮನೆಯಲ್ಲಿ ತಳ ತಿಕ್ಕದ ಪಾತ್ರೆ ಎಂದರೆ ಅದೊಂದೇ. ಅಪ್ಪ ನವೆಂಬರ್‌ನಲ್ಲಿ ಶಿಕ್ಷಕರ ತರಬೇತಿಗೆಂದು ಗ್ರಾಟ್ಸ್‌ಗೆ ಹತ್ತು ದಿನ ಹೊರಟರು, ಮರಳುವುದು ಹಬ್ಬದ ಹಿಂದಿನ ರಾತ್ರಿಯೇ. ಅವರ ಬಂಡಿ ತಿರುವು ದಾಟುವ ಮೊದಲೇ ಬೀರು ತೆಗೆದು ಪಿಟೀಲು ಕೊಟ್ಟೆ. ಆಂಬ್ರೋಸ್ ಅದನ್ನು ಮರಳುಕಾಗದದಲ್ಲಿ ಉಜ್ಜಿ, ಹಳೆಯ ಬಣ್ಣ ಪೂರ್ತಿ ತೆಗೆದು, ಬೀರು, ಗಾಡಿಗಳಿಗೆ ಬಳಿಯುವ ಅತ್ಯುತ್ತಮ ವಾರ್ನಿಷನ್ನು ಮೂರು ಸಲ ಬಳಿದ. ನಾನು ದಿನಾ ಹೋಗಿ ನೋಡಿ, "ಆಹಾ" ಎಂದು ಬಂದೆ. ಪಾದ್ರಿಗಳೂ ನೋಡಿ "ಆಹಾ" ಎಂದರು. ಪಿಟೀಲು ನುಡಿಸುವವನನ್ನು ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನುಡಿಸುವವರು ಊರಲ್ಲಿ ಇದ್ದದ್ದೇ ಅವರೊಬ್ಬರು, ಅವರಿಂದಲೇ ಮುಚ್ಚಿಟ್ಟಿದ್ದೆವಲ್ಲ.

ಸಿಸಿಲಿಯಾ ಹಬ್ಬದ ದಿನ ಪೂಜೆಗೆ ಮುಂಚೆ ಆಂಬ್ರೋಸ್ ಬಿಳಿ ಬಟ್ಟೆ ಸರಿಸಿ ಪಿಟೀಲು ಎತ್ತಿ ಕೊಟ್ಟ. ಚರ್ಚಿಗೆ ಚರ್ಚೇ ಉಸಿರು ಹಿಡಿಯಿತು, ಅಷ್ಟು ಹೊಳಪು. ಅಪ್ಪನ ಮುಖವನ್ನು ನಾನು ಬದಿಯಿಂದ ನೋಡಿದೆ. ಹಿಟ್ಟಿನಂತೆ ಬಿಳಿಚಿಕೊಂಡಿತು. ಸಂತೋಷಕ್ಕೆ ಹಾಗಾಯಿತು ಎಂದು ಎಲ್ಲರೂ ತಿಳಿದರು, ನಾನೂ ಮೊದಲು ಹಾಗೆಯೇ ತಿಳಿದೆ. ಕಮಾನು ತಾಗಿಸಿದಾಗ ಬಂದ ದನಿ ದಪ್ಪ ರಜಾಯಿಯೊಳಗಿನಿಂದ ಯಾರೋ ಕರೆದ ಹಾಗಿತ್ತು. ಬೀರಿನ ವಾರ್ನಿಷ್ ದಪ್ಪಗೆ ಕೂತರೆ ಪಿಟೀಲಿನ ಮರ ಮಿಡಿಯುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಒಂದು ಕ್ಷಣ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಆಂಬ್ರೋಸ್ ತೊಡೆಯ ಮೇಲೆ ಟೋಪಿ ಇಟ್ಟುಕೊಂಡು, ಬಾಯಿ ತೆರೆದು ಕಾಯುತ್ತಿದ್ದ. ಅಪ್ಪ ಮತ್ತೆ ಕಮಾನು ಎತ್ತಿ ಕೊನೆಯವರೆಗೂ ನುಡಿಸಿದರು. ಆಮೇಲೆ ಅವನ ಭುಜ ತಟ್ಟಿ, "ನಲವತ್ತು ವರ್ಷ ಬರೀ ಮೈಯಲ್ಲಿ ತಿರುಗ್ತಿತ್ತು, ಚಳಿಗಾಲಕ್ಕೆ ಸರಿಯಾಗಿ ಒಳ್ಳೆ ಕೋಟು ಹೊಲಿಸಿದೆ ಕಣೋ" ಎಂದರು. ಜನ ನಕ್ಕರು. ಆಂಬ್ರೋಸನೂ ನಕ್ಕ, ಒಂದು ವರ್ಷದಲ್ಲಿ ಮೊದಲ ಸಲ.

ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಕೂತರು. ಬೀರು ತೆರೆದು ಕೊಟ್ಟವಳು ನಾನೇ ಎಂದೆ. "ಗೊತ್ತು, ಬೀಗದ ಕೈ ನಿನ್ನ ಹತ್ತಿರ ತಾನೆ ಇರೋದು" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಯಾರೆ ನಿನ್ನ ಪಾಲಿನದನ್ನು ಹಾಳು ಮಾಡಿದೆ ಎಂಬ ಸಂಕಟದಲ್ಲಿ ನಾನು ಎರಡು ವಾರದಿಂದ ಬೆಂದಿದ್ದೇನೆ. ಶಾಲೆಯಲ್ಲಿ ಒಂದನೇ ತರಗತಿಯ ಪುಟ್ಟಿಯೊಬ್ಬಳು, "ಮೇಷ್ಟ್ರೇ, ನಿಮ್ಮ ಪಿಟೀಲಿಗೆ ನೆಗಡಿ ಆಗಿದೆಯಾ?" ಎಂದಳಂತೆ. "ಹೂಂ ಕಣೇ, ಮನೇಲಿ ಹೇಳಬೇಡ, ಕಷಾಯ ಕುಡಿಸ್ತಾರೆ" ಎಂದು ಅವಳ ಬಾಯಿ ಮುಚ್ಚಿಸಿದರಂತೆ.

ವಿಯೆನ್ನಾದಲ್ಲಿ ಪಿಟೀಲು ಮಾಡುವವರ ಕೈಗೆ ಕೊಟ್ಟರೆ ವಾರ್ನಿಷ್ ತೆಗೆದು, ದನಿಯನ್ನು ಎಷ್ಟಾದರೂ ಅಷ್ಟು ಮರಳಿ ತರಬಹುದು ಎಂದು ಅವರಿಗೆ ಗೊತ್ತು. ನಾನು ಕಾಲು ಹಿಡಿಯುವುದೊಂದು ಬಾಕಿ. ಒಪ್ಪುವುದಿಲ್ಲ. "ಗೀಸೆಲಾ ರಜೆಗೆ ತಂದಾಗ ಹೊಳಪು ಹೋದ ಪಿಟೀಲನ್ನ ಆಂಬ್ರೋಸ್ ನೋಡ್ತಾನೆ. ಈಗಷ್ಟೇ ಮತ್ತೆ ಉಳಿ ಹಿಡಿದಿದಾನೆ, ತೆಕ್ಲಾ. ಅವನ ಕೆಲಸ ಕೆರೆದು ಹಾಕೋಕೆ ನನಗೆ ಕೈ ಬರಲ್ಲ" ಎನ್ನುತ್ತಾರೆ. ಹಾಗಾದರೆ ಗೀಸೆಲಾಳ ಪರೀಕ್ಷೆ? ಅದಕ್ಕೂ ಉಪಾಯ ಮಾಡಿಕೊಂಡಿದ್ದಾರೆ. ನೀನು ಬಂದಾಗ, ಪಿಟೀಲು ಬಿಟ್ಟಿರಲು ಮನಸ್ಸಾಗುತ್ತಿಲ್ಲ, ನಾನು ಸತ್ತ ಮೇಲೆ ತಗೋ ಎಂದು ಹೇಳುತ್ತಾರಂತೆ. ಮಗಳ ಕಣ್ಣಿನಲ್ಲಿ ಜಿಪುಣ ಮುದುಕನಾದರೂ ಸರಿಯೇ! ನಾನು ಈ ಪತ್ರ ಬರೆದದ್ದು ಅದಕ್ಕೇ. ಅವರು ಹಾಗೆ ಅಂದಾಗ ನೀನು ಮುಖ ಸಣ್ಣ ಮಾಡಬೇಡ. ಗಟ್ಟಿಯಾಗಿ ತಬ್ಬಿಕೋ. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು, ನಾನು ತಡೆದುಕೊಳ್ಳುತ್ತೇನೆ.

ಹಣ್ಣಿನ ರೊಟ್ಟಿ ಸುಟ್ಟು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ನೀನು ಬರುವವರೆಗೂ ಅದನ್ನು ನಿನ್ನ ಅಪ್ಪನ ಕೈಯಿಂದ ಕಾಪಾಡುವುದೇ ಕಷ್ಟ. ಮನೆಯೊಡತಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಬೆರಳುಗಳನ್ನು ಬೆಚ್ಚಗೆ ಇಡಲಿ.

ನಿನ್ನನ್ನೇ ನೆನೆಯುತ್ತಾ,
ಅಮ್ಮ ತೆಕ್ಲಾ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಆಂಬ್ರೋಸ್ ಹಿತ್ತಿಲ ಬಾಗಿಲಿಗೆ ಬಂದ. ಕೂರು ಎಂದರೂ ಕೂರಲಿಲ್ಲ. "ಮೇಷ್ಟ್ರಮ್ಮಾ, ನಾನು ಮಗ್ಗಿಗೆ ದಡ್ಡ, ಕಿವಿಗಲ್ಲ. ಮೊದಲ ಎಳೆತಕ್ಕೇ ಗೊತ್ತಾಯ್ತು, ಕೊಂದುಹಾಕಿದೆ ಅಂತ. ಅವರು ನನ್ನ ಮುಖ ನೋಡ್ಕೊಂಡೇ ಪೂರ್ತಿ ಬಾರಿಸಿದ್ರು. ನಾನೂ ನಗಬೇಕಾಯ್ತು, ಇನ್ನೇನು ಮಾಡ್ಲಿ? ಅವರು ಅಷ್ಟು ಕಷ್ಟಪಟ್ಟಿದ್ರಲ್ಲ" ಎಂದು ಅತ್ತುಬಿಟ್ಟ. ಯಾವ ವಾರ್ನಿಷ್, ಯಾವ ಎಣ್ಣೆ, ಯಾವ ದಿನ ಬಳಿದೆ ಎಂದು ಸೊಟ್ಟ ಅಕ್ಷರದಲ್ಲಿ ಬರೆದ ಚೀಟಿ ಕೊಟ್ಟಿದ್ದಾನೆ, ತೆಗೆಯುವವರಿಗೆ ಅನುಕೂಲವಾಗಲೆಂದು. ಇದರ ಜೊತೆಗೇ ಇಟ್ಟಿದ್ದೇನೆ, ಜೋಪಾನ. ಇನ್ನು ನನ್ನ ಉಪಾಯ ಕೇಳು: ನೀನು ಬಂದ ದಿನವೇ ಹಟ ಮಾಡಿ ಪಿಟೀಲು ಕೇಳು, ಈ ಹೊಳಪೇ ಬೇಕು ಎಂದು ಊರೆಲ್ಲ ಕೇಳುವ ಹಾಗೆ ಹೇಳಿ ವಿಯೆನ್ನಾಕ್ಕೆ ಎತ್ತಿಕೊಂಡು ಹೋಗು. ಮೇಷ್ಟ್ರಿಗೆ ಮಾತ್ರ ತಾನು ಬಂದದ್ದು ತಿಳಿಯಬಾರದು ಎಂದು ಆಂಬ್ರೋಸ್ ನನ್ನಿಂದ ಆಣೆ ಹಾಕಿಸಿಕೊಂಡು ಹೋದ. ಅವನು ಆ ಕಡೆ ಹೋದ, ಈ ಕಡೆಯಿಂದ ಸಂಜೆಯ ನಿಕೋಲಾಸನ ವೇಷಕ್ಕೆ ಹತ್ತಿಗಡ್ಡ ಅಂಟಿಸಿಕೊಂಡು ನಿನ್ನ ಅಪ್ಪ ಬಂದರು. ಆಂಬ್ರೋಸ್ ಯಾಕೆ ಬಂದಿದ್ದ ಎಂದು ಕೇಳಿದರು. ಬಾಗಿಲ ಕೀಲು ನೋಡೋಕೆ ಎಂದೆ. ಗಡ್ಡ ಸರಿಸಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಪಿಟೀಲಿನ ಮಾತು ಎತ್ತಲಿಲ್ಲ ತಾನೆ? ಪಾಪ, ಅವನಿಗೆ ಏನೂ ಗೊತ್ತಿಲ್ಲ ಕಣೇ" ಎಂದರು.